1971ರ ಮಿಷನ್‌ಗೆ ಯಾವ ಲೋಡೌಟ್ ಇರಬೇಕು, ಯಾವುದು ಬೇಡ?

ಕುಡ್ಲ ಪೈಲಟ್, ಮಂಗಳೂರು

ಡಿಸೆಂಬರ್ ಮೊದಲ ಭಾನುವಾರ ಬಿಜೈಯಲ್ಲಿ ಸೇರುವುದು ಗಟ್ಟಿಯಾಯಿತು. ಡಿಸಿಎಸ್ ಎಂಬ ವಿಮಾನ ಹಾರಿಸುವ ಕಂಪ್ಯೂಟರ್ ಆಟದಲ್ಲಿ 1971ರ ಯುದ್ಧದ ತೇಜ್‌ಗಾಂವ್ ದಾಳಿ, ಅಂದರೆ ಢಾಕಾದ ಏರ್‌ಫೀಲ್ಡ್ ಮೇಲೆ ನಮ್ಮ ವಾಯುಸೇನೆ ಮಾಡಿದ ದಾಳಿ, ಹಾರಿಸುತ್ತೇವೆ. ಢಾಕಾದ ನಕ್ಷೆ ನಮ್ಮ ಹತ್ತಿರ ಇಲ್ಲ. ಹಾಗಾಗಿ ಪರ್ಷಿಯನ್ ಗಲ್ಫ್ ನಕ್ಷೆಯ ಒಂದು ಏರ್‌ಫೀಲ್ಡನ್ನೇ ತೇಜ್‌ಗಾಂವ್ ಅಂದುಕೊಳ್ಳಬೇಕು. ನಮ್ಮ ಕಡೆ ಮಿಗ್-21 ಬಿಸ್, ಎದುರು ಪಾಕಿಸ್ತಾನದ ಎಫ್-86 ಸೇಬರ್.

ಮಾತಾಡಬೇಕಾದ್ದು ಲೋಡೌಟ್ ಬಗ್ಗೆ, ಅಂದರೆ ವಿಮಾನಕ್ಕೆ ಯಾವ ಬಾಂಬ್, ಮಿಸೈಲ್, ಟ್ಯಾಂಕ್ ಕಟ್ಟಬೇಕು ಅನ್ನುವುದು. ಸರ್ವರ್ ಪರೀಕ್ಷೆಗೆ ಎಲ್ಲವನ್ನೂ ತೆರೆದಿಟ್ಟಿದ್ದೆ. ಬಂದವರಲ್ಲಿ ಹೆಚ್ಚಿನವರು ಆರ್-60 ಮಿಸೈಲ್ ತಗುಲಿಸಿಕೊಂಡೇ ಬಂದರು. ಆರ್-60 ಬಳಕೆಗೆ ಬಂದದ್ದು 1971ರ ಯುದ್ಧ ಮುಗಿದ ಮೇಲೆ. ಇನ್ನೊಬ್ಬರ ವಿಮಾನದಲ್ಲಿ ನೆಲದ ಗುರಿಗೆ ಹೊಡೆಯುವ ಖೆ-66 ಗ್ರೋಮ್ ಮಿಸೈಲ್ ಇತ್ತು. ಸೇಬರ್ ಕಡೆಯವರಂತೂ ಒಬ್ಬರೂ ಬಿಡದೆ ಸೈಡ್‌ವೈಂಡರ್ ಮಿಸೈಲ್ ಹಾಕಿಕೊಂಡಿದ್ದರು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. "ಈ ವಿಮಾನ ಇದನ್ನು ಹೊರುತ್ತದಾ?" ಅಂತ ಕೇಳಿದರೆ ಸಾಲದು. ಯಾವ ಸ್ಕ್ವಾಡ್ರನ್, ಯಾವ ತಿಂಗಳು, ಯಾವ ಕೆಲಸಕ್ಕೆ ಹೊರಟಿತ್ತು, ಅದನ್ನು ಕೇಳಬೇಕು. ತೇಜ್‌ಗಾಂವ್ ರನ್‌ವೇ ಒಡೆದದ್ದು 28ನೇ ಸ್ಕ್ವಾಡ್ರನ್‌ನ ಮಿಗ್-21 ಎಫ್‌ಎಲ್. ಬಿಸ್ ಅಲ್ಲ, ಅದು ಆಮೇಲೆ ಬಂದ ಮಾದರಿ. ನಾವು ಬಿಸ್ ಹಾರಿಸಿದರೂ ಎಫ್‌ಎಲ್ ಹೊತ್ತದ್ದನ್ನೇ ಹೊರಬೇಕು ಅಂತ ನನ್ನ ಬೇಡಿಕೆ. ಎಂತ ಹೇಳುತ್ತೀರಿ?

ಮಣಿಪಾಲದ ಮಿಗ್

ಅಣ್ಣ, ನನಗೆ ಒಪ್ಪಿಗೆ ಇಲ್ಲ. ದುಡ್ಡು ಕೊಟ್ಟು ಆಟದ ಈ ವಿಮಾನದ ಮಾಡ್ಯೂಲ್ ತೆಗೆದುಕೊಂಡಿದ್ದೇವೆ. ಹಾಸ್ಟೆಲ್‌ನಲ್ಲಿ ಇರುವವರು ತಿಂಗಳುಗಟ್ಟಲೆ ಉಳಿಸಿ, ಸೇಲ್ ಬಂದಾಗ ಕೊಳ್ಳುತ್ತಾರೆ. ಅದರಲ್ಲಿ ಇರುವುದನ್ನೆಲ್ಲ ಬೀಗ ಹಾಕಿದರೆ ಹೊಸಬರು ಯಾಕೆ ಬರಬೇಕು? ನನ್ನ ಜೊತೆ ಬರುವ ಇಬ್ಬರು ಇನ್ನೂ ಕಲಿಯುತ್ತಿದ್ದಾರೆ. ಅವರಿಗೆ ಹಳೇ ಆರ್-3ಎಸ್ ಮಿಸೈಲ್ (ಕೆ-13 ಅಂದರೂ ಅದೇ) ಕೊಟ್ಟರೆ ಇಡೀ ಸಂಜೆ ಒಂದೂ ತಾಗುವುದಿಲ್ಲ.

ಮತ್ತೆ ಖೆ-66 ಆಟದೊಳಗೇ ಇದೆ. ಮಾಡಿದವರು ನೋಡಿಯೇ ಹಾಕಿರುತ್ತಾರೆ ಅಲ್ವಾ?

ಸುರತ್ಕಲ್ ಸೇಬರ್

ನೋಡಿಯೇ ಹಾಕಿದ್ದಾರೆ, ಆದರೆ ಆಟದ ಮೆನುವಿನಲ್ಲಿ ಒಂದು ಆಯುಧ ಇರುವುದಕ್ಕೆ ಹಲವು ಕಾರಣ ಇರುತ್ತವೆ. ಅದರಲ್ಲಿ ಇತಿಹಾಸ ಒಂದು ಮಾತ್ರ.

ಖೆ-66 ಮೂಲತಃ ಮಿಗ್-21 ಪಿಎಫ್‌ಎಂಗೆ ಮಾಡಿದ್ದು. ವಿಮಾನದ ಆರ್‌ಪಿ-21 ರೇಡಾರ್ ಒಂದು ಕಿರಣ ಬಿಡುತ್ತದೆ, ಮಿಸೈಲ್ ಆ ಕಿರಣದ ಒಳಗೇ ಸಾಗುತ್ತದೆ. ಬಿಸ್‌ನಲ್ಲಿ ಇರುವುದು ಆರ್‌ಪಿ-22, ಬೇರೆ ರೇಡಾರ್. ಆಟದ ಬಿಸ್‌ಗೆ ಖೆ-66 ಬಂದದ್ದರ ಬಗ್ಗೆ ವರ್ಷಗಳಿಂದ ಜಗಳ ನಡೆದೇ ಇದೆ.

ಇನ್ನೊಂದು ಬಗೆ ಕೆಎ-50 ಬ್ಲ್ಯಾಕ್ ಶಾರ್ಕ್ 3 ಹೆಲಿಕಾಪ್ಟರ್. ಅದಕ್ಕೆ ಇಗ್ಲಾ ಮಿಸೈಲ್ ಮತ್ತು ಎಚ್ಚರಿಕೆ ಸೆನ್ಸರ್ ಕೊಟ್ಟಾಗ, ಇದು "ಮುಂದುವರಿದಿದ್ದರೆ ಹೀಗೆ ಇರುತ್ತಿತ್ತು" ಎನ್ನುವ ರೂಪ ಅಂತ ತಯಾರಕರೇ ಬಾಯಿಬಿಟ್ಟು ಹೇಳಿದರು. ಅಷ್ಟು ಪ್ರಾಮಾಣಿಕವಾಗಿ ಹೇಳಿದರೆ ನನಗೆ ಬೇಸರ ಇಲ್ಲ. ಬೇಡದವರು ಹಾಕದೆ ಇರಬಹುದು.

ಎಫ್-16ರದ್ದು ಇನ್ನೂ ಸೂಕ್ಷ್ಮ. ಆಟದಲ್ಲಿರುವುದು 2007ರ ಸುಮಾರಿನ ಅಮೆರಿಕದ ಬ್ಲಾಕ್ 50. ರೆಕ್ಕೆಯಡಿ ಆಯುಧ ಕಟ್ಟುವ ಜಾಗಕ್ಕೆ ಪೈಲಾನ್ ಅನ್ನುತ್ತಾರೆ; ಒಳಗಿನ ಎರಡು ಪೈಲಾನ್‌ಗೆ ರೇಡಾರ್ ಹೊಡೆಯುವ ಹಾರ್ಮ್ ಮಿಸೈಲ್ ತೂಗು ಹಾಕಬಹುದು, ತೂಕ ತಡೆಯುತ್ತದೆ. ಆದರೆ ಅಲ್ಲಿಂದ ಹಾರಿಸಲು ಬೇಕಾದ ವೈರಿಂಗ್ ಆ ವಿಮಾನಗಳಲ್ಲಿ ಇರಲಿಲ್ಲ. ಅಂದರೆ ಹೊರುವುದು ನಿಜ, ಹಾರಿಸುವುದು ನಿಜವಲ್ಲ. ಈ ಒಂದು ವೈರ್ ಬಗ್ಗೆ ಜನ ಎಷ್ಟು ಪುಟ ಬರೆದಿದ್ದಾರೆ ಅಂದರೆ ಲೆಕ್ಕ ಇಲ್ಲ. ನಾನು ಆ ಜನರ ಕಡೆ. ಪೈಲಾನ್ ಅಂದರೆ ಬರೀ ಕೊಕ್ಕೆ ಅಲ್ಲ. ವೈರ್, ಸ್ವಿಚ್, ಕಾಕ್‌ಪಿಟ್‌ನ ಬಟನ್ ಎಲ್ಲ ಸೇರಿದರೆ ಮಾತ್ರ ಅದು ಆಯುಧ.

ಕಾಪು ಲೈಟ್‌ಹೌಸ್

ವಾರ್ ಥಂಡರ್ ಎಂಬ ಇನ್ನೊಂದು ಆಟ ಆಡುವವರಿಗೆ ಬ್ರಿಟನ್ನಿನ ಹಂಟರ್ ಎಫ್.6 ವಿಮಾನ ಗೊತ್ತಿರುತ್ತದೆ. ಅದಕ್ಕೆ ಎಸ್‌ಆರ್‌ಎಎಎಂ ಮಿಸೈಲ್ ಸಿಗುತ್ತದೆ. ಬ್ರಿಟನ್ ಅದನ್ನು ಹಂಟರ್‌ನಿಂದ ಪರೀಕ್ಷೆ ಮಾಡಿದ್ದು ನಿಜ. ಆದರೆ ಅದು ಸೇವೆಗೆ ಬರಲೇ ಇಲ್ಲ. ಪರೀಕ್ಷೆ ಮಾಡಿದ್ದನ್ನೂ ಯುದ್ಧಕ್ಕೆ ಒಯ್ದದ್ದನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ಇತಿಹಾಸ ಕಲಸಿಹೋಗುತ್ತದೆ.

ನಮ್ಮ ದೇಶದ ಹಂಟರ್ ಬಣ್ಣ ಬಳಿದು ಸೈಡ್‌ವೈಂಡರ್ ತೂಗಿಸಿದ ಚಿತ್ರಗಳನ್ನೂ ನೋಡಿದ್ದೇನೆ. ಸ್ವಿಟ್ಜರ್ಲೆಂಡ್, ಸ್ವೀಡನ್ ಹಂಟರ್‌ಗಳಲ್ಲಿ ಸೈಡ್‌ವೈಂಡರ್ ಇತ್ತು. ಲೋಂಗೇವಾಲಾದಲ್ಲಿ ಟ್ಯಾಂಕ್ ಹೊಡೆದ ನಮ್ಮ ಹಂಟರ್‌ಗಳ ಕೈಯಲ್ಲಿ ಇದ್ದದ್ದು ನಾಲ್ಕು 30 ಮಿ.ಮೀ. ಆಡೆನ್ ಗನ್ ಮತ್ತು ಟಿ-10 ರಾಕೆಟ್. ಸೀ ಹ್ಯಾರಿಯರ್ ಕಥೆಯೂ ಹೀಗೆಯೇ. ಬ್ರಿಟನ್ನಿನವರದ್ದು ಸೈಡ್‌ವೈಂಡರ್ ಹೊತ್ತಿತು. ನಮ್ಮ ನೌಕಾಪಡೆಯ ಎಫ್‌ಆರ್‌ಎಸ್.51 ಫ್ರಾನ್ಸಿನ ಮ್ಯಾಜಿಕ್ ಹೊತ್ತಿತು. ವಿಮಾನ ಒಂದೇ, ದೇಶ ಬೇರೆ, ಮಿಸೈಲ್ ಬೇರೆ. ಬಣ್ಣ ಬದಲಿಸುವಾಗ ಪೈಲಾನನ್ನೂ ಬದಲಿಸಬೇಕು.

ಮಣಿಪಾಲದ ಮಿಗ್

ಇದೆಲ್ಲ ಓದಲು ಖುಷಿ. ಆದರೂ ಕೇಳುತ್ತೇನೆ. ಎಫ್‌ಎಲ್ ಪಟ್ಟಿ ಹಾಕಿದರೆ ಆಡುವವನಿಗೆ ಎಂತ ಸಿಗುತ್ತದೆ? ಇರುವುದರಲ್ಲಿ ಕಳೆದುಕೊಳ್ಳುವುದು ಮಾತ್ರ ಅಲ್ವಾ?

ಕುಡ್ಲ ಪೈಲಟ್, ಮಂಗಳೂರು

ಅಲ್ಲ ಮಾರಾಯ. ಇಲ್ಲೇ ನನಗೆ ಈ ವಿಷಯದ ಮೇಲೆ ಪ್ರೀತಿ ಇರುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದು.

ಬಿಸ್‌ಗೆ ರೆಕ್ಕೆಯಡಿ ನಾಲ್ಕು ಪೈಲಾನ್. ಹೊಟ್ಟೆಯಲ್ಲಿ ಜಿಎಸ್‌ಎಚ್-23 ಗನ್ ಒಳಗೇ ಇದೆ. ಹೊಟ್ಟೆಯಡಿ ಡ್ರಾಪ್ ಟ್ಯಾಂಕ್‌ಗೆ ಬೇರೆ ಜಾಗ. ಅಂದರೆ ಒಬ್ಬನೇ ಎರಡು ಬಾಂಬ್, ಎರಡು ಮಿಸೈಲ್, ಗನ್, ಟ್ಯಾಂಕ್ ಎಲ್ಲ ಹೊತ್ತು ಹೋಗಬಹುದು. ಯಾರ ಹಂಗೂ ಬೇಡ.

ಎಫ್‌ಎಲ್‌ಗೆ ರೆಕ್ಕೆಯಡಿ ಎರಡೇ ಪೈಲಾನ್. ಒಳಗೆ ಗನ್ ಇಲ್ಲ. 1965ರಲ್ಲಿ ನಮ್ಮ ಮಿಗ್-21 ಪಿಎಫ್‌ನಲ್ಲಿ ಕೂಡ ಒಳಗೆ ಗನ್ ಇರಲಿಲ್ಲ. ಎರಡು ಕೆ-13 ಬಿಟ್ಟರೆ ಮುಗಿಯಿತು, ಮತ್ತೆ ಬರಿಗೈ. ಆ ಪಾಠದಿಂದ ಎಫ್‌ಎಲ್‌ಗೆ ಜಿಪಿ-9 ಗನ್ ಪಾಡ್ ಬಂತು. ಒಳಗೆ ಅದೇ ಜಿಎಸ್‌ಎಚ್-23, 200 ಗುಂಡು. ಆದರೆ ಪಾಡ್ ಕೂರುವುದು ಹೊಟ್ಟೆಯಡಿ, ಡ್ರಾಪ್ ಟ್ಯಾಂಕ್ ಕೂರುವ ಅದೇ ಜಾಗದಲ್ಲಿ. ಗನ್ ಬೇಕಾ, ಟ್ಯಾಂಕ್ ಬೇಕಾ? ಎರಡೂ ಸಿಗುವುದಿಲ್ಲ.

ಈಗ ಮಿಷನ್ ಯೋಚಿಸು. ರನ್‌ವೇ ಒಡೆಯಲು 500 ಕಿಲೋ ಬಾಂಬ್ ಎರಡು ಹಾಕಿದರೆ ರೆಕ್ಕೆ ತುಂಬಿತು. ಮಿಸೈಲ್‌ಗೆ ಜಾಗ ಇಲ್ಲ. ಸೇಬರ್ ಮೇಲಿಂದ ಬಂದರೆ ಬಾಂಬ್ ಹೊತ್ತ ನಾಲ್ಕು ಮಿಗ್‌ಗಳನ್ನು ಬೇರೆ ಯಾರಾದರೂ ಕಾಯಬೇಕು. ಹಾಗಾಗಿ ಇನ್ನೂ ಎರಡು ಮಿಗ್ ಕೆ-13 ಹೊತ್ತು ಮೇಲೆ ಇರಬೇಕು. ಅವರಿಗೆ ಗನ್ ಬೇಕು, ಅಂದರೆ ಟ್ಯಾಂಕ್ ಇಲ್ಲ, ಅಂದರೆ ಬೇಗ ವಾಪಸಾಗಬೇಕು. ಬಾಂಬ್ ಹೊತ್ತವರು ಎರಡು ನಿಮಿಷ ತಡ ಮಾಡಿದರೆ ಮೇಲಿನವರ ಎಣ್ಣೆ ಖಾಲಿ. ಒಬ್ಬರ ಗಡಿಯಾರ ಇನ್ನೊಬ್ಬರ ಕುತ್ತಿಗೆಗೆ ಕಟ್ಟಿದ ಹಾಗೆ. ರೇಡಿಯೋದಲ್ಲಿ ಮಾತಾಡಲೇಬೇಕು, ಹೊಂದಿಸಲೇಬೇಕು.

ಬಿಸ್ ಪಟ್ಟಿ ಕೊಟ್ಟರೆ ಇದ್ಯಾವುದೂ ಇಲ್ಲ. ಆರು ಜನ ಆರು ದಿಕ್ಕಿಗೆ ಹೋಗಿ ತಮ್ಮ ತಮ್ಮ ಬಾಂಬ್ ಹಾಕಿ ಬರುತ್ತಾರೆ. ನಾನು ಕಾಪಾಡಬೇಕು ಅನ್ನುತ್ತಿರುವುದು ಈ ಹೊಂದಾಣಿಕೆಯನ್ನು. ಲೋಡೌಟ್ ಪಟ್ಟಿ ತಪ್ಪಾದರೆ ಹಳೇ ವಿಮಾನದ ಚಿತ್ರ ಮಾತ್ರ ಉಳಿಯುತ್ತದೆ, ಆ ದಿನದ ಕೆಲಸ ಹೇಗಿತ್ತು ಅನ್ನುವುದು ಹೋಗುತ್ತದೆ.

ಮಣಿಪಾಲದ ಮಿಗ್

ಬಾಂಬ್ ಹೊತ್ತವರಿಗೆ ಮಿಸೈಲ್ ಇಲ್ಲ ಅನ್ನುವುದು ಚೆನ್ನಾಗಿದೆ. ನನ್ನ ಇಬ್ಬರು ಹೊಸಬರನ್ನು ಬಾಂಬ್ ಕಡೆ ಹಾಕಿ, ನಾನು ಮೇಲೆ ಕಾಯುತ್ತೇನೆ. ಅವರು ಮಿಸೈಲ್ ಸ್ವಿಚ್ ಕಲಿಯುವುದೇ ಬೇಡ. ಆದರೆ ಬಿಸ್‌ನ ಗನ್ ಒಳಗಿದೆ, ಅದನ್ನು ತೆಗೆಯುವುದು ಹೇಗೆ?

ಸುರತ್ಕಲ್ ಸೇಬರ್

ಗುಂಡಿನ ಪ್ರಮಾಣ ಸೊನ್ನೆಗೆ ಇಳಿಸಬಹುದು. ಟ್ಯಾಂಕ್ ಹಾಕಿದವರು ಗುಂಡು ಸೊನ್ನೆ, ಗುಂಡು ಬೇಕಾದವರು ಟ್ಯಾಂಕ್ ಇಲ್ಲ. ಮಿಸೈಲ್ ಪಟ್ಟಿಯನ್ನು ಏರ್‌ಫೀಲ್ಡ್‌ನ ಗೋದಾಮಿನಲ್ಲೇ ಕಟ್ಟಬಹುದು. ಆರ್-60, ಆರ್-13ಎಂ, ಖೆ-66 ದಾಸ್ತಾನು ಸೊನ್ನೆ ಮಾಡಿದರೆ ಯಾರೂ ಹಾಕಲಿಕ್ಕೆ ಆಗುವುದಿಲ್ಲ.

ನಿವೃತ್ತ ಫಿಟ್ಟರ್, ಉಡುಪಿ

ನಿಮ್ಮ ಚರ್ಚೆಯನ್ನು ನನ್ನ ಮಗ ತೋರಿಸಿದ. ಆಟ ನನಗೆ ಬರುವುದಿಲ್ಲ. ಆದರೆ ವಾಯುಸೇನೆಯಲ್ಲಿ ಆರ್ಮಮೆಂಟ್ ಫಿಟ್ಟರ್ ಆಗಿ ಕೆಲಸ ಮಾಡಿದವನು. 1971 ಆದ ಮೇಲೆ ಸೇರಿದ್ದು. ನೀವು ಪೈಲಾನ್, ವೈರ್ ಅಂತ ಇಷ್ಟು ಕಾಳಜಿಯಿಂದ ಮಾತಾಡುವುದು ನೋಡಿ ಸಂತೋಷ ಆಯಿತು. ಪೈಲಟ್‌ಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಬಾಂಬ್ ಕಟ್ಟುವವರ ಕೆಲಸದ ಬಗ್ಗೆ ಕೇಳುವವರು ಕಡಿಮೆ.

ಮೊದಲ ವಿಷಯ ಕೊಂಡಿ. ಬಾಂಬಿನ ಬೆನ್ನ ಮೇಲೆ ಎರಡು ಕೊಂಡಿ ಇರುತ್ತವೆ, ಅವು ರ‍್ಯಾಕಿನ ಕೊಕ್ಕೆಗೆ ಕೂರಬೇಕು. ರಷ್ಯಾದ ಬಾಂಬುಗಳಲ್ಲಿ ಆ ಎರಡು ಕೊಂಡಿಗಳ ಅಂತರ 250 ಮಿ.ಮೀ. ಪಶ್ಚಿಮದವರದ್ದು 14 ಇಂಚು, ಅಂದರೆ ಸುಮಾರು 356 ಮಿ.ಮೀ. ನಮ್ಮ ವಾಯುಸೇನೆಯಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾ ಮೂರೂ ಕಡೆಯ ವಿಮಾನ ಇದ್ದವು. ಒಂದರ ಬಾಂಬ್ ಇನ್ನೊಂದಕ್ಕೆ ಸುಮ್ನೆ ಎತ್ತಿ ಹಾಕಲಿಕ್ಕೆ ಆಗುವುದಿಲ್ಲ. ನಿಮ್ಮ ಆಟದಲ್ಲಿ ಒಂದು ಬಟನ್ ಒತ್ತಿದರೆ ಬಂದು ಕೂರುತ್ತದೆ ಅಂತ ಮಗ ತೋರಿಸಿದ. ನಮಗೆ ಟ್ರಾಲಿ ತರಬೇಕು, ಎತ್ತಬೇಕು, ಕೊಕ್ಕೆ ಹಿಡಿದದ್ದು ನೋಡಬೇಕು, ಅಲುಗದ ಹಾಗೆ ತಿರುಪು ಬಿಗಿಯಬೇಕು, ಫ್ಯೂಸ್ ಹಾಕಬೇಕು, ಕೊನೆಗೆ ಪಿನ್ ತೆಗೆದು ಪೈಲಟ್‌ಗೆ ತೋರಿಸಬೇಕು.

ಎರಡನೆಯದು ದಾಸ್ತಾನು. ಬೇಸ್‌ನ ಬಾಂಬ್ ಡಂಪಿನಲ್ಲಿ ಎಂತ ಇದೆಯೋ ಅದೇ ಹೋಗುತ್ತದೆ. ಕಾರ್ಗಿಲ್ ಯುದ್ಧ ನೋಡಿ. 1999ರ ಜೂನ್ 24ರಂದು ಮಿರಾಜ್ 2000 ಟೈಗರ್ ಹಿಲ್ ಮೇಲೆ ಲೇಸರ್ ಬಾಂಬ್ ಹಾಕಿದ್ದು ಎಲ್ಲರಿಗೂ ಗೊತ್ತು. ಆದರೆ ಇಡೀ ಕಾರ್ಗಿಲ್‌ನಲ್ಲಿ ಬಿದ್ದ ಲೇಸರ್ ಬಾಂಬ್ ಒಟ್ಟು 9. ಅದರಲ್ಲಿ 8 ಮಿರಾಜ್, 1 ಜಾಗ್ವಾರ್. ಉಳಿದ ಕೆಲಸ ಎಲ್ಲ ಸಾದಾ ಬಾಂಬಿನಲ್ಲೇ ಆಯಿತು. ನಿಮ್ಮ ಆಟದಲ್ಲಿ ಕಾರ್ಗಿಲ್ ಮಾಡಿದರೆ ಪ್ರತಿಯೊಬ್ಬರೂ ಲೇಸರ್ ಬಾಂಬ್ ಹೊತ್ತು ಹೊರಟರೆ ಅದು ಆ ಯುದ್ಧ ಅಲ್ಲ.

ಮೂರನೆಯದು ಗಾಳಿ. ಮೇ 27ರಂದು ಬಟಾಲಿಕ್ ಹತ್ತಿರ ನಚಿಕೇತ ಅವರ ಮಿಗ್-27 ರಾಕೆಟ್ ಬಿಟ್ಟ ಮೇಲೆ ಎಂಜಿನ್ ಆರಿಹೋಯಿತು. ಎತ್ತರದ ತೆಳು ಗಾಳಿಯಲ್ಲಿ ರಾಕೆಟ್ ಹೊಗೆ ಎಂಜಿನ್ನಿನ ಬಾಯಿಗೆ ಹೋದರೆ ಹಾಗಾಗುತ್ತದೆ. ಆ ವಿಮಾನ ಆ ರಾಕೆಟ್ ಹೊರಬಹುದು ಅಂತ ಪುಸ್ತಕದಲ್ಲಿ ಇದ್ದೇ ಇದೆ. ಎಲ್ಲಿ, ಎಷ್ಟು ಎತ್ತರದಲ್ಲಿ ಬಿಡಬಹುದು ಅನ್ನುವುದು ಬೇರೆ ಪ್ರಶ್ನೆ. ಸೆಖೆಯೂ ಹಾಗೆಯೇ. ಬಿಸಿ ಗಾಳಿಯಲ್ಲಿ ಏಳಲು ರನ್‌ವೇ ಜಾಸ್ತಿ ಬೇಕು. ನಮ್ಮ ಬಜ್ಪೆಯ ಉದ್ದದ ರನ್‌ವೇ 2,450 ಮೀಟರ್. ಏಪ್ರಿಲ್ ಮಧ್ಯಾಹ್ನದ ಸೆಖೆಗೆ ಅಲ್ಲಿಂದ ಪೂರ್ತಿ ಎಣ್ಣೆ, ಪೂರ್ತಿ ಬಾಂಬ್ ಹಾಕಿ ಎದ್ದು ನೋಡಿ ಅಂತ ನಿಮ್ಮ ಹುಡುಗರಿಗೆ ಒಂದು ಅಭ್ಯಾಸ ಕೊಡಬಹುದು. ಕ್ಯಾಟಲಾಗ್ ಒಂದು ಹೇಳುತ್ತದೆ, ಕಮಾಂಡರ್ ಕೊಡುವ ಹುಕುಂ ಇನ್ನೊಂದು.

ಕುಡ್ಲ ಪೈಲಟ್, ಮಂಗಳೂರು

ಸರ್, ತುಂಬಾ ಧನ್ಯವಾದ. ಕೊಂಡಿಯ ಅಂತರದ ವಿಷಯ ಎಲ್ಲರೂ ಓದಲೇಬೇಕು. ಮಿಷನ್ ದಿನ ಬಿಜೈಗೆ ಬರುತ್ತೀರಾ? ಬ್ರೀಫಿಂಗ್‌ನಲ್ಲಿ ನೀವು ಮಾತಾಡಿದರೆ ಹುಡುಗರಿಗೆ ಬಹಳ ಉಪಯೋಗ.

ಪಡುಬಿದ್ರಿ ವಿಂಗ್‌ಮ್ಯಾನ್

ಒಂದು ಸಂಶಯ. ರನ್‌ವೇ ಒಡೆಯುವುದೇ ಕೆಲಸ ಅಂದರೆ ಬೆಟ್‌ಎಬಿ-500ಗೆ ಅವಕಾಶ ಕೊಡಬಹುದಲ್ಲ? ಕಾಂಕ್ರೀಟ್ ಒಳಗೆ ನುಗ್ಗಿ ಸಿಡಿಯುವ ಬಾಂಬ್ ಅದು. ಆಟದ ಬಿಸ್‌ಗೆ ಇದೆ.

ಕುಡ್ಲ ಪೈಲಟ್, ಮಂಗಳೂರು

ಬೇಡ. 28ನೇ ಸ್ಕ್ವಾಡ್ರನ್ ಬಳಸಿದ್ದು ಸಾದಾ 500 ಕಿಲೋ ಎಂ-62. ಆಟದಲ್ಲಿ ಫ್ಯಾಬ್-500 ಎಂ-62 ಅಂತ ಅದೇ ಇದೆ. ಸಾದಾ ಬಾಂಬ್ ಓರೆಯಾಗಿ ಬಿದ್ದರೆ ರನ್‌ವೇ ಮೇಲೆ ಗೀಚಿ ಹೋಗುತ್ತದೆ. ಅದಕ್ಕೇ ಅವರು ಕಡಿದಾಗಿ ಡೈವ್ ಮಾಡಿ ಹಾಕಿದರು. ಬಾಂಬಿನಲ್ಲಿ ಇಲ್ಲದ್ದನ್ನು ಕೋನದಲ್ಲಿ ಪಡೆದರು. ಡಿಸೆಂಬರ್ 6, 7ರ ಹೊತ್ತಿಗೆ ತೇಜ್‌ಗಾಂವ್‌ನಲ್ಲಿದ್ದ ಪಾಕಿಸ್ತಾನದ 14ನೇ ಸ್ಕ್ವಾಡ್ರನ್ ಸೇಬರ್‌ಗಳು ಏಳಲಾಗದೆ ನೆಲದಲ್ಲೇ ಉಳಿದವು. ಬೆಟ್‌ಎಬಿ ಕೊಟ್ಟರೆ ಆ ಡೈವ್ ಕಲಿಯುವ ಅಗತ್ಯವೇ ಹೋಗುತ್ತದೆ. ನನಗೆ ಈ ಮಿಷನ್‌ನಲ್ಲಿ ಅತಿ ಇಷ್ಟದ ಭಾಗ ಆ ಡೈವ್.

ಡಿಸೆಂಬರ್ 14ರ ಢಾಕಾ ಗವರ್ನಮೆಂಟ್ ಹೌಸ್ ದಾಳಿಗೆ ನಮ್ಮ 28ನೇ ಸ್ಕ್ವಾಡ್ರನ್‌ನ ನಾಲ್ಕು ಮಿಗ್ ಹೋದವು. ಆಗ ಬಾಂಬ್ ಇಲ್ಲ, ಬರೀ 57 ಮಿ.ಮೀ. ರಾಕೆಟ್. ಒಂದು ಯುಬಿ-16 ಪಾಡಿನಲ್ಲಿ 16, ಒಂದು ವಿಮಾನಕ್ಕೆ 32, ನಾಲ್ಕಕ್ಕೆ 128. ದಾರಿಗೆ ಸಿಕ್ಕಿದ್ದು ಪ್ರವಾಸಿಗಳ ನಕ್ಷೆ. ಸುತ್ತ ಊರು ಇರುವಾಗ ಒಂದು ಕಟ್ಟಡಕ್ಕೆ ಹೊಡೆಯಲು 500 ಕಿಲೋ ಬೇಡ ಅನ್ನುವುದು ಯೋಚಿಸಿದರೆ ತಿಳಿಯುತ್ತದೆ. ಒಂದೇ ಯುದ್ಧ, ಒಂದೇ ಸ್ಕ್ವಾಡ್ರನ್, ಲೋಡೌಟ್ ಎರಡು.

ಕಾಪು ಲೈಟ್‌ಹೌಸ್

ಹಳೇ ಲೋಡೌಟ್ ಕೊಟ್ಟರೆ ಆಟ ಬೋರ್ ಅನ್ನುವವರಿಗೆ ನಾನು ಹೇಳುವುದು ಒಂದೇ ಹೆಸರು. ಅಜ್ಜಮಾಡ ದೇವಯ್ಯ, ನಮ್ಮ ಕೊಡಗಿನವರು. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿ. ಅವರದ್ದು ಮಿಸ್ಟೇರ್ ವಿಮಾನ. ಗಾಳಿಯಲ್ಲಿ ಕಾದಾಡಲು ಇದ್ದದ್ದು ಎರಡು 30 ಮಿ.ಮೀ. ಡೆಫಾ ಗನ್ ಮಾತ್ರ. ಎದುರು ಬಂದದ್ದು ಶಬ್ದದ ಎರಡು ಪಟ್ಟು ವೇಗದ ಎಫ್-104 ಸ್ಟಾರ್‌ಫೈಟರ್. ಮಿಸ್ಟೇರ್ ಓಡಿ ತಪ್ಪಿಸಿಕೊಳ್ಳುವ ವಿಮಾನ ಅಲ್ಲ. ಅವರು ತಿರುಗಿ ನಿಂತು ಅದನ್ನು ಗನ್ನಿನಲ್ಲೇ ಬೀಳಿಸಿದರು. ತಾವೂ ಮರಳಲಿಲ್ಲ. ಮಹಾವೀರ ಚಕ್ರ ಕೊಟ್ಟದ್ದು 1988ರಲ್ಲಿ.

ಆ ಮಿಸ್ಟೇರ್‌ಗೆ ಯಾರಾದರೂ ಆಟದಲ್ಲಿ ಎರಡು ಮಿಸೈಲ್ ಸೇರಿಸಿ ಸಮಬಲ ಮಾಡಿದರೆ ದೇವಯ್ಯ ಮಾಡಿದ ಕೆಲಸ ಎಂಥದ್ದು ಅಂತ ಆಡುವವನಿಗೆ ತಿಳಿಯುವುದೇ ಇಲ್ಲ. ಇದು ನನಗೆ ನಿಜವಾಗಿ ನೋವು ಕೊಡುತ್ತದೆ.

ನಮ್ಮ ಪುಟ್ಟ ನ್ಯಾಟ್ ವಿಮಾನ ಕೂಡ ಹಾಗೆಯೇ. ಎರಡು ಆಡೆನ್, ಅಷ್ಟೇ. ಅದೂ ಎಷ್ಟೋ ಸಲ ಜಾಮ್ ಆಗುತ್ತಿತ್ತು. ಬೊಯ್ರಾದಲ್ಲಿ 1971ರ ನವೆಂಬರ್ 22ರಂದು ಸೇಬರ್‌ಗಳನ್ನು ಹೊಡೆದದ್ದು ಆ ಗನ್ನುಗಳೇ. ಆಟದಲ್ಲಿ ಗನ್ ಜಾಮ್ ಆಗುವುದನ್ನೂ ಇಡಬೇಕು ಅಂತ ನನ್ನ ಆಸೆ.

ಸುರತ್ಕಲ್ ಸೇಬರ್

ಇನ್ನು ಎದುರಿನ ಕಡೆ. ನಾನು ಸೇಬರ್ ಹಾರಿಸುವವನು, ಹಾಗಾಗಿ ನಾನೇ ಹೇಳುತ್ತೇನೆ. ಎಲ್ಲ ಸೇಬರ್‌ಗೂ ಸೈಡ್‌ವೈಂಡರ್ ಬೇಡ. 1965ರಲ್ಲಿ ಪಾಕಿಸ್ತಾನದ ಸೇಬರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಮಾತ್ರ ಸೈಡ್‌ವೈಂಡರ್ ಹೊರುವ ಬದಲಾವಣೆ ಆಗಿತ್ತು. ಉಳಿದವಕ್ಕೆ ಆರು .50 ಮೆಷಿನ್ ಗನ್ ಮಾತ್ರ. ಢಾಕಾದಲ್ಲಿ ಇದ್ದದ್ದು ಕೆನಡಾದಲ್ಲಿ ಮಾಡಿದ ಸೇಬರ್, ಆಟದ್ದು ಅಮೆರಿಕದ ಎಫ್-86ಎಫ್. ಎಂಜಿನ್ ಬೇರೆ. ಅದನ್ನು ನಾವು ಬದಲಿಸಲು ಆಗುವುದಿಲ್ಲ. ಮಿಸೈಲ್ ಲೆಕ್ಕವನ್ನಾದರೂ ಹಿಡಿತದಲ್ಲಿ ಇಡೋಣ. ನಾಲ್ಕು ಸೇಬರ್‌ಗೆ ಒಂದು ಜೋಡಿ ಸೈಡ್‌ವೈಂಡರ್. 1965ರ ಪಾಲನ್ನೇ ನಮ್ಮ ಆಟದ ನಿಯಮ ಮಾಡೋಣ.

ಒಂದು ಸ್ವಾರಸ್ಯ. ನಿಮ್ಮ ಕೆ-13 ಹುಟ್ಟಿದ್ದೇ ನಮ್ಮ ಸೈಡ್‌ವೈಂಡರ್‌ನಿಂದ. 1958ರಲ್ಲಿ ತೈವಾನ್ ಹತ್ತಿರ ಒಂದು ಸೈಡ್‌ವೈಂಡರ್ ಚೀನಾದ ಮಿಗ್-17ಕ್ಕೆ ಬಡಿದು ಸಿಡಿಯದೆ ಸಿಕ್ಕಿಕೊಂಡಿತು. ಅದು ರಷ್ಯಾಕ್ಕೆ ಹೋಗಿ ಕೆ-13 ಆಯಿತು. ಹಾಗಾಗಿ ಎರಡೂ ಕಡೆ ಕಟ್ಟುಪಾಡು ಒಂದೇ. ಶತ್ರುವಿನ ಹಿಂದೆ ಹೋಗಬೇಕು, ಸೂರ್ಯನ ಕಡೆ ಮುಖ ಇರಬಾರದು, ಬಿಗಿಯಾಗಿ ತಿರುಗುವಾಗ ಬಿಡಬಾರದು. ಮಣಿಪಾಲದ ಹುಡುಗರಿಗೆ ಒಂದೂ ತಾಗುವುದಿಲ್ಲ ಅನ್ನುವ ಹೆದರಿಕೆ ಇದ್ದರೆ, ನಮಗೂ ಅದೇ ಕಷ್ಟ ಅಂತ ಹೇಳಿ.

ಮಣಿಪಾಲದ ಮಿಗ್

ಸರಿ, ಎಫ್‌ಎಲ್ ಪಟ್ಟಿಗೆ ನನ್ನ ಒಪ್ಪಿಗೆ. ಆದರೆ ಒಂದು ಶರತ್ತು. ಊಟ ಆದ ಮೇಲೆ ಒಂದು ಗಂಟೆ ಎಲ್ಲ ಆಯುಧ ತೆರೆದ ಸರ್ವರ್ ಬೇಕು. ಇತಿಹಾಸದ ಹೆಸರು ಅದಕ್ಕೆ ಬೇಡ, ಸುಮ್ನೆ ಹಾರಲಿಕ್ಕೆ. ಮಾಡ್ಯೂಲ್ ಕೊಂಡ ಹುಡುಗರಿಗೆ ಅದೂ ನ್ಯಾಯ.

ಕುಡ್ಲ ಪೈಲಟ್, ಮಂಗಳೂರು

ಆಗಬಹುದು. ಎರಡನ್ನೂ ಬೇರೆ ಬೇರೆ ಇಟ್ಟರೆ ನನಗೆ ಯಾವ ತಕರಾರೂ ಇಲ್ಲ. ಹಾಗಾದರೆ ಬೆಳಿಗ್ಗೆಯ ಮಿಷನ್‌ಗೆ ಈ ಪಟ್ಟಿ.

ಬಾಂಬ್ ಹಾಕುವ ನಾಲ್ಕು ಮಿಗ್‌ಗೆ ಫ್ಯಾಬ್-500 ಎಂ-62 ಎರಡೆರಡು, ಹೊಟ್ಟೆಯಡಿ ಟ್ಯಾಂಕ್, ಗುಂಡು ಸೊನ್ನೆ. ಮೇಲೆ ಕಾಯುವ ಎರಡಕ್ಕೆ ಆರ್-3ಎಸ್ ಎರಡೆರಡು, 200 ಗುಂಡು, ಟ್ಯಾಂಕ್ ಇಲ್ಲ. ಹೊರಗಿನ ಎರಡು ಪೈಲಾನ್ ಎಲ್ಲರದ್ದೂ ಖಾಲಿ. ಸೇಬರ್ ನಾಲ್ಕು, ಅದರಲ್ಲಿ ಒಂದಕ್ಕೆ ಮಾತ್ರ ಸೈಡ್‌ವೈಂಡರ್. ಯಾವುದಕ್ಕೆ ಅಂತ ಸೇಬರ್ ಕಡೆಯವರು ಗುಟ್ಟಾಗಿ ಇಟ್ಟುಕೊಳ್ಳಬಹುದು. ಎರಡನೇ ಸುತ್ತಿಗೆ ಯುಬಿ-16 ಪಾಡ್ ಹಾಕಿ ಒಂದು ಕಟ್ಟಡದ ಮೇಲೆ ದಾಳಿ. ಗೋದಾಮಿನ ಸೆಟ್ಟಿಂಗ್ ಸುರತ್ಕಲ್‌ನವರು ನೋಡಿಕೊಳ್ಳುತ್ತಾರೆ.

ನಿವೃತ್ತ ಫಿಟ್ಟರ್, ಉಡುಪಿ

ನಾನು ಬರುತ್ತೇನೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಿಜೈ ತಲುಪುತ್ತೇನೆ. ಒಂದು ಕೆಲಸ ಮಾಡಿ. ಹಾರುವ ಮೊದಲು ಪ್ರತಿಯೊಬ್ಬರೂ ತಮ್ಮ ವಿಮಾನದ ಹೊರಗಿನ ನೋಟ ತೆರೆದು ಎರಡೂ ರೆಕ್ಕೆಯಡಿ ಇರುವುದನ್ನು ಗಟ್ಟಿಯಾಗಿ ಓದಿ ಹೇಳಲಿ. ನಾನು ಪಟ್ಟಿ ಹಿಡಿದು ಟಿಕ್ ಹಾಕುತ್ತೇನೆ. ಪಟ್ಟಿಯಲ್ಲಿ ಇಲ್ಲದ್ದು ಕಂಡರೆ ಆ ವಿಮಾನ ನೆಲ ಬಿಡಬಾರದು.

ಪಡುಬಿದ್ರಿ ವಿಂಗ್‌ಮ್ಯಾನ್

ನನ್ನ ಹೆಸರು ಬಾಂಬ್ ಹಾಕುವ ನಾಲ್ವರಲ್ಲಿ ಬರೆಯಿರಿ. ಡೈವ್ ಎಷ್ಟು ಎತ್ತರದಿಂದ ಶುರು ಮಾಡಬೇಕು, ಎಲ್ಲಿ ಎಳೆಯಬೇಕು ಅಂತ ಯಾರಾದರೂ ಬೇರೆ ಥ್ರೆಡ್ ತೆರೆಯುತ್ತೀರಾ? ಈ ವಾರದಿಂದಲೇ ಅಭ್ಯಾಸ ಮಾಡುತ್ತೇನೆ.